ಹುಂಜದ ಆಹಾರವೂ ಮೊಟ್ಟೆಗಳ ಫಲವತ್ತತೆಯೂ

ಕಾವಿಗಿಟ್ಟ ಹನ್ನೆರಡು ಮೊಟ್ಟೆಗಳಲ್ಲಿ ಐದಾರು ಮಾತ್ರ ಮರಿಯಾದರೆ, ಹೇಂಟೆಯನ್ನೋ ಗುಡುಗನ್ನೋ ಕಣ್ಣುದೃಷ್ಟಿಯನ್ನೋ ದೂರುವುದು ನಮ್ಮ ಗ್ರಾಮಗಳಲ್ಲಿ ವಾಡಿಕೆಯಾಗಿದೆ. ಹುಂಜದ ಮೇಲೆ ಯಾರಿಗೂ ಸಂಶಯ ಹುಟ್ಟುವುದಿಲ್ಲ. ಆದರೆ ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿರುವಲ್ಲಿ, ಹೇಂಟೆಯೊಂದು ಕೆಟ್ಟರೆ ಅದರ ಮೊಟ್ಟೆಗಳಷ್ಟೇ ಕೆಡುವುವು. ಹುಂಜವು ಕೆಟ್ಟರೆ ಹಿಂಡಿನ ಮೊಟ್ಟೆಗಳೆಲ್ಲವೂ ಬಂಜೆಯಾಗುವುವು. ಆದುದರಿಂದ ಹುಂಜದ ಆಹಾರದಲ್ಲಿ ತೋರುತ್ತಿರುವ ಅಲಕ್ಷ್ಯವು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ದೋಷವು ಎಲ್ಲಿರುವುದೆಂದು ಮೊದಲು ತಿಳಿಯತಕ್ಕದ್ದು. ಕಾವಿಗಿಟ್ಟ ಏಳನೆಯ ದಿನ ರಾತ್ರಿ ಮೊಟ್ಟೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಬೇಕು. ಕೆಂಪು ನರಗಳ ಜಾಲವು ಕಂಡರೆ ಅದು ಜೀವವುಳ್ಳದ್ದು. ರಕ್ತದ ಉಂಗುರವು ಕಂಡರೆ ಪಿಂಡವು ಹುಟ್ಟಿ ಸತ್ತಿದೆಯೆಂದು ಅರ್ಥ. ಮೊಟ್ಟೆಯನ್ನು ಸೆಕೆಯಲ್ಲಿ ಬಹು ದಿನ ಇಟ್ಟದ್ದು ಮುಂತಾದವು ಅದಕ್ಕೆ ಕಾರಣವಾಗಿರಬಹುದು. ಏನೂ ಕಾಣದೆ ತಿಳಿಯಾಗಿದ್ದರೆ ಬಹುಮಟ್ಟಿಗೆ ಬಂಜೆ ಮೊಟ್ಟೆಯೇ. ಹಲವು ಹೇಂಟೆಗಳ ಮೊಟ್ಟೆಗಳು ಹೀಗಿದ್ದರೆ ಹುಂಜದ ಕಡೆಗೆ ದೃಷ್ಟಿಯನ್ನು ತಿರುಗಿಸುವುದು ಯುಕ್ತ.

ಹುಂಜವು ಕಾಳನ್ನು ಕಂಡೊಡನೆ ಹೇಂಟೆಗಳನ್ನು ಕೂಗಿ ಕರೆದು, ತಾನು ತಿನ್ನದೆ ಅವುಗಳಿಗೆ ಬಿಡುವುದನ್ನು ಎಲ್ಲರೂ ನೋಡಿರುವರು. ಹೀಗೆ ಅರೆಹೊಟ್ಟೆಯಲ್ಲಿರುವ ಹುಂಜದ ತೂಕವೂ ವೀರ್ಯವೂ ಕುಂದುವುವು. ಇದಕ್ಕೆ ವಿರುದ್ಧವಾಗಿ, ಕಟ್ಟಿಹಾಕಿ ತಿನ್ನಿಸಿ ಕೊಬ್ಬಿಸಿದ ಹುಂಜವು ಹೇಂಟೆಯನ್ನು ಕೂಡಲು ಅಸಮರ್ಥವಾಗುವುದು. ಮೊಟ್ಟೆಯಿಡುವ ಕೋಳಿಗಳ ಸಿದ್ಧ ಆಹಾರವೂ ಅದಕ್ಕೆ ತಕ್ಕುದಲ್ಲ. ಅದರಲ್ಲಿ ಕ್ಯಾಲ್ಸಿಯಂ ನೂರಕ್ಕೆ ಸುಮಾರು 4 ಭಾಗವಿರುವುದು. ಹುಂಜಕ್ಕೆ 1 ಭಾಗವೇ ಸಾಕು. ಸಸಾರಜನಕವು 12ರಿಂದ 14 ಭಾಗವಿದ್ದರೆ ಸಾಕಾಗುವುದು.

1922ರಲ್ಲಿ ಕ್ಯಾಲಿಫೋರ್ನಿಯದ ಹರ್ಬರ್ಟ್ ಇವಾನ್ಸ್, ಕ್ಯಾಥರೀನ್ ಬಿಷಪ್ ಎಂಬ ವಿದ್ವಾಂಸರು ಇಲಿಗಳ ಸಂತಾನಕ್ಕೆ ಅತ್ಯವಶ್ಯಕವಾದ ಆಹಾರಾಂಶವೊಂದನ್ನು ಕಂಡುಹಿಡಿದರು. ವಿಟಮಿನ್ ‘ಇ’ ಎಂದು ಹೆಸರಾದದ್ದು ಇದೇ. ಹುಂಜದ ವೀರ್ಯಾಣುಗಳಲ್ಲಿ ಬೇಗನೆ ಕೆಡುವ ಕೊಬ್ಬಿನಂಶವು ಹೆಚ್ಚಾಗಿರುವುದರಿಂದ, ಅವುಗಳ ರಕ್ಷಣೆಗೆ ಈ ವಿಟಮಿನ್ನೂ ಸೆಲೆನಿಯಂ ಎಂಬ ಖನಿಜವೂ ಬೇಕು. ಹಸಿರು ಸೊಪ್ಪು, ಮೊಳಕೆಯ ಕಾಳುಗಳಲ್ಲಿ ವಿಟಮಿನ್ ‘ಇ’ ದೊರೆಯುವುದು. ಕಮಟಿದ ತೌಡಿನಲ್ಲಿ ನಾಶವಾಗುವುದು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಹತ್ತಿಕಾಳಿನ ಹಿಂಡಿಯಲ್ಲಿರುವ ಗಾಸಿಪಾಲ್ ಎಂಬುದು ಹಲವು ಪ್ರಾಣಿಗಳಲ್ಲಿ ಗಂಡಿನ ಸಂತಾನಶಕ್ತಿಗೆ ಹಾನಿಕರವೆಂದು ಕಂಡುಬಂದಿದೆ. ಇವೆರಡನ್ನೂ ಹುಂಜಕ್ಕೆ ಹಾಕಕೂಡದು.

ಮಾಡಬೇಕಾದದ್ದು ಸುಲಭ. ಪ್ರತಿ ಸಂಜೆ ಹುಂಜವನ್ನು ಮಂಕರಿಯ ಕೆಳಗೆ ಪ್ರತ್ಯೇಕವಾಗಿ ಮುಚ್ಚಿ, ಒಂದು ಹಿಡಿ ಒಳ್ಳೆಯ ಕಾಳು, ಸ್ವಲ್ಪ ಮೊಳಕೆ, ನುಗ್ಗೆಸೊಪ್ಪುಗಳನ್ನು ಕೊಡಬೇಕು. ವೀರ್ಯಾಣುಗಳು ಸಿದ್ಧವಾಗಲು ಸುಮಾರು ಎರಡು ವಾರ ಹಿಡಿಯುವುದರಿಂದ, ಕಾವಿನ ಮೊಟ್ಟೆ ಕೂಡಿಡುವ ಒಂದು ತಿಂಗಳು ಮುಂಚಿತವಾಗಿಯೇ ಆರಂಭಿಸತಕ್ಕದ್ದು.

ಗ್ರಾಮದ ಮುಖಂಡರಲ್ಲಿಯೂ ಜಮೀನುದಾರರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಕೊಬ್ಬಿದ ಚೆಲುವಾದ ಹುಂಜವು ಹಬ್ಬಕ್ಕೋ ಸಂತೆಗೋ ಹೋಗಿ, ಬಡಕಲು ಹುಂಜವು ತಳಿಗೆ ಉಳಿಯುವ ಪದ್ಧತಿಯು ನಿಲ್ಲಬೇಕು. ತಮ್ಮ ಅಂಗಳದ ಹುಂಜವೇ ನೆರೆಯ ಬಡವರ ಹೇಂಟೆಗಳಿಗೂ ಹುಂಜ. ನಾಲ್ಕು ಮೊಟ್ಟೆ ಮಾರಿದರೆ ಮನೆಗೆ ಉಪ್ಪು ಎಣ್ಣೆ ತರಬಲ್ಲ ಬಡ ಹೆಂಗಸು, ಅವುಗಳನ್ನು ಮಾರದೆ 21 ದಿನ ಕಾವಿಗಿಟ್ಟು ಕಾಯುತ್ತಾಳೆ. ಅವಳ ಆ ನಿರೀಕ್ಷೆಯು ವ್ಯರ್ಥವಾಗದಂತೆ ಒಂದು ಹಿಡಿ ಕಾಳನ್ನು ಹೆಚ್ಚಾಗಿ ಹಾಕುವುದು ಅನುಕೂಲವಂತರಿಗೆ ದೊಡ್ಡ ವೆಚ್ಚವಲ್ಲ.