ಬಾಯಲ್ಲಿ ನೀರೂರಬೇಡ ಎಂದರೆ

ನಮ್ಮ ಅಕ್ಕನ ಮನೆಯಲ್ಲಿ ಈಗ ಚಪಾತಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡುತ್ತಾರೆ. ಬೆಳ್ಳಿ ಬಣ್ಣದ ಫಾಯಿಲ್ ಆ ಮನೆಯೊಳಕ್ಕೆ ಬರುವಂತಿಲ್ಲ. ಇದಕ್ಕೆ ಕಾರಣ ಮಡಿಯೂ ಅಲ್ಲ, ಜಿಪುಣತನವೂ ಅಲ್ಲ. ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಅಂಥ ಹಾಳೆಯ ಮೇಲೆ ಮೆಥ್ ಎಂಬ ಮಾದಕದ ಹರಳಿಟ್ಟು, ಕೆಳಗೆ ಲೈಟರ್ ಹಿಡಿದು ಹೊಗೆ ಎಳೆಯುತ್ತಿದ್ದ. ಮೆಥಾಂಫೆಟಮೈನ್ ಎಂಬುದು ಅದರ ಪೂರ್ತಿ ಹೆಸರು. ಹುಡುಗರ ಬಾಯಲ್ಲಿ ಐಸ್, ಕ್ರಿಸ್ಟಲ್.

ಮೂರು ತಿಂಗಳು ಚಟ ಬಿಡಿಸುವ ಕೇಂದ್ರವೊಂದರಲ್ಲಿದ್ದು, ಮೈ ತುಂಬಿಕೊಂಡು ಮನೆಗೆ ಬಂದ. ಭಾವ ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರು. ಅವನು ಅಳುತ್ತಲೇ ಆಣೆ ಮಾಡಿದ. ಅದು ಸುಳ್ಳಾಣೆಯಲ್ಲ ಎಂದು ನಾನು ಇಂದಿಗೂ ನಂಬಿದ್ದೇನೆ. ಹನ್ನೊಂದನೆಯ ದಿನ ಅಕ್ಕ ಬುತ್ತಿ ಕಟ್ಟಲು ಫಾಯಿಲ್ ಹರಿದಳು. ಪರ್ರನೆ ಸದ್ದಾಯಿತು. ಹುಡುಗ ಬೆವೆತು, ತಿಂಡಿ ಬಿಟ್ಟು ಎದ್ದು ಹೋದ. ಮೂರು ದಿನ ಪತ್ತೆಯಿಲ್ಲ.

ಆಮೇಲೆ ಮನೆಗೆ ಬಂದವರ ಮಾತುಗಳೇ ನನಗೆ ಇದನ್ನು ಬರೆಯುವಷ್ಟು ಸಿಟ್ಟು ತರಿಸಿದ್ದು. "ಮನಸ್ಸು ಗಟ್ಟಿ ಇಲ್ಲ." "ತಾಯಿ ಮುದ್ದು ಮಾಡಿ ಕೆಡಿಸಿದಳು." ಕೊನೆಗೆ ಅವನ ಸೋದರತ್ತೆಯ ಸಲಹೆ: "ಒಂದು ಮದುವೆ ಮಾಡಿಬಿಡಿ, ಎಲ್ಲಾ ಸರಿಹೋಗುತ್ತೆ."

ನೀವೇ ಹೇಳಿ, ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ತೆಗೆದಾಗ ನಿಮ್ಮ ಬಾಯಲ್ಲಿ ನೀರೂರುವುದಿಲ್ಲವೇ? ಇದನ್ನು ಓದುತ್ತಲೇ ಊರಿರಬಹುದು. ಊರಲೇ ಎಂದು ಅದು ನಿಮ್ಮನ್ನು ಕೇಳಿತೇ? ಊರಬೇಡ ಎಂದು ಆಣೆ ಹಾಕಿಸಿದರೆ ನಿಲ್ಲುತ್ತದೆಯೇ?

ನಮ್ಮ ಹುಡುಗನಿಗೆ ಫಾಯಿಲ್ ಅಂಥ ಭರಣಿ. ಮೆಥ್ ಮೆದುಳಿನಲ್ಲಿ ಡೋಪಮೈನ್ ಎಂಬ ರಸವನ್ನು ಉಕ್ಕಿಸುತ್ತದೆ. ಊಟ, ನಗು, ಮಗುವಿನ ಮುಖ, ಯಾವುದೂ ಉಕ್ಕಿಸದಷ್ಟು. ಆ ಹೊತ್ತಿನಲ್ಲಿ ಕಣ್ಣಿಗೆ ಕಿವಿಗೆ ಬಿದ್ದದ್ದನ್ನೆಲ್ಲ ಮೆದುಳು ಗಂಟು ಹಾಕಿ ಇಟ್ಟುಕೊಳ್ಳುತ್ತದೆ: ಲೈಟರಿನ ಟಿಕ್ ಸದ್ದು, ಒಬ್ಬ ಗೆಳೆಯನ ಫೋನು, ಸಂಬಳ ಬಂದ ಮೆಸೇಜು. ಮುಂದೆ ಅವುಗಳಲ್ಲೊಂದು ಎದುರಾದರೆ ಸಾಕು, ಹರಳಿಲ್ಲದೆಯೂ ತುಡಿತ ಎದ್ದು ನಿಲ್ಲುತ್ತದೆ.

ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆನ್ನಾ ರೋಸ್ ಚೈಲ್ಡ್ರೆಸ್ ಎಂಬಾಕೆ ಮತ್ತು ಸಂಗಡಿಗರು ಮೆಥ್‌ನ ದಾಯಾದಿಯಾದ ಕೊಕೇನಿನ ಚಟವಿದ್ದವರಿಗೆ ಕೊಕೇನಿನ ವೀಡಿಯೊ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಭಾವನೆಗೆ ಸಂಬಂಧಿಸಿದ ಭಾಗಗಳಲ್ಲಿ ರಕ್ತದ ಹರಿವು ಏರಿತ್ತು. ಅದು 1999ರಲ್ಲಿ. 2008ರಲ್ಲಿ ಅವರೇ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಈ ಸಲ ಚಿತ್ರ ತೋರಿಸಿದ್ದು ಬರೀ 33 ಮಿಲಿಸೆಕೆಂಡು, ಕಂಡಿತೆಂದು ನೋಡಿದವರಿಗೇ ತಿಳಿಯದಷ್ಟು ಹೊತ್ತು. ಮೆದುಳು ಆಗಲೂ ಎದ್ದು ಕೂತಿತು! ಮನುಷ್ಯನಿಗೆ ಗೊತ್ತಾಗುವ ಮೊದಲೇ ಮೆದುಳು ಹೊರಟು ನಿಂತಿರುವಾಗ ಗಟ್ಟಿ ಮನಸ್ಸು ಯಾವ ಬಾಗಿಲಲ್ಲಿ ಕಾವಲು ಕೂರಬೇಕು?

ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಕೊಕೇನ್ ನಿಲ್ಲಿಸಿದ ಇಲಿಗಳು, ಅದರ ಜೊತೆ ಬರುತ್ತಿದ್ದ ದೀಪ ಮತ್ತು ಸದ್ದಿಗೆ ತೋರುವ ತವಕ ದಿನ ಕಳೆದಂತೆ ಇಳಿಯಲಿಲ್ಲ. ಮೊದಲ ಎರಡು ತಿಂಗಳು ಏರುತ್ತಲೇ ಹೋಯಿತೆಂದು 2001ರಲ್ಲಿ ಪ್ರಕಟವಾಯಿತು. ಮೆಥ್ ಕೊಟ್ಟ ಇಲಿಗಳಲ್ಲೂ ಆಮೇಲೆ ಹೀಗೇ ಕಂಡಿತು. ಕೋಳಿ ಮೊಟ್ಟೆಗೆ ಕಾವು ಕೂತಂತೆ ತುಡಿತಕ್ಕೂ ಕಾವು ಕೂರುತ್ತದೆಯಂತೆ. ಇಲಿಯೇ ಮನುಷ್ಯನಲ್ಲ, ಒಪ್ಪಿದೆ. ಆದರೂ ಗಮನಿಸಿ: ಮೂರು ತಿಂಗಳಾಯಿತು, ವಾಸಿಯಾಯಿತು ಎಂದು ನಾವು ಪಾಯಸ ಮಾಡುವ ಹೊತ್ತಿಗೇ ಹುಡುಗನ ತಲೆಯೊಳಗೆ ಅತಿ ಕಷ್ಟದ ದಿನಗಳು ನಡೆಯುತ್ತಿರಬಹುದು. ಅದೇ ವಾರ ನಮ್ಮ ಭಾವ ಮೇಜಿನ ಮೇಲೆ ಐನೂರರ ನೋಟು ಇಟ್ಟು "ಮುಟ್ಟುತ್ತಾನೋ ನೋಡೋಣ" ಎಂದು ಪರೀಕ್ಷೆ ಮಾಡುತ್ತಿದ್ದರು. ಮಧುಮೇಹದವರ ಮುಂದೆ ಯಾರಾದರೂ ಮೈಸೂರುಪಾಕಿನ ತಟ್ಟೆ ಇಟ್ಟು ಪರೀಕ್ಷೆ ಮಾಡುತ್ತಾರೆಯೇ?

ಮೆದುಳಿನ ನೆಪ ಹೇಳಿ ಅವನನ್ನು ಪಾರು ಮಾಡುತ್ತಿದ್ದಾಳೆ ಎನ್ನಬೇಡಿ. ಅಕ್ಕನ ಎರಡು ಬಳೆ ಗಿರವಿಗೆ ಹೋದದ್ದು ಅವನ ಕೈಯಿಂದಲೇ. ಅದರ ಲೆಕ್ಕ ಅವನೇ ಕೊಡಬೇಕು, ಕೊಡುತ್ತಲೂ ಇದ್ದಾನೆ. ಸಂಬಳ ಈಗ ಅಕ್ಕನ ಖಾತೆಗೆ ಬರುತ್ತದೆ, ಫೋನ್ ನಂಬರ್ ಬದಲಾಗಿದೆ. ತುಡಿತ ಬಂದಾಗ ಮುಚ್ಚಿಡದೆ "ಚಿಕ್ಕಮ್ಮಾ, ಬಂತು" ಎಂದು ನನಗೆ ಫೋನ್ ಮಾಡುತ್ತಾನೆ. ಮಾತಾಡುತ್ತಾ ಇರುತ್ತೇವೆ. ಅಲೆಯ ಹಾಗೆ ಏರಿ, ತಾನಾಗಿ ಇಳಿಯುತ್ತದೆ. ಮೆಥ್‌ನ ಚಟಕ್ಕೆಂದೇ ಒಪ್ಪಿತವಾದ ಮಾತ್ರೆ ಇನ್ನೂ ಬಂದಿಲ್ಲ. ಮೂತ್ರಪರೀಕ್ಷೆ ಶುದ್ಧವಾಗಿ ಬಂದಾಗಲೆಲ್ಲ ಕೂಡಲೇ ಒಂದು ಸಣ್ಣ ಬಹುಮಾನ ಕೊಡುವ ಕ್ರಮವೇ ಅಧ್ಯಯನಗಳಲ್ಲಿ ಹೆಚ್ಚು ಫಲ ಕೊಟ್ಟಿದೆ. ಆಣೆಗಿಂತ ಅಗ್ಗ ಅನ್ನಿ.

ಇನ್ನು ಆ ಮದುವೆಯ ಮಾತು. ಮಾತ್ರೆ ಇಲ್ಲವೆಂದು ಯಾರ ಮನೆಯ ಮಗಳನ್ನು ಮಾತ್ರೆ ಮಾಡಲು ಹೊರಟಿದ್ದೀರಿ? ಫಾಯಿಲ್ ಯಾಕೆ ಹರಿಯಬಾರದೆಂದು ಆ ಹುಡುಗಿಗೆ ಯಾರಾದರೂ ಹೇಳುತ್ತೀರಾ? ಹೇಳುವುದಿಲ್ಲ. ಅವನು ಮತ್ತೆ ಜಾರಿದರೆ, ಇಂದು ತಾಯಿಯ ಮೇಲೆ ಹಾಕಿದ ತಪ್ಪನ್ನು ಅಂದು ಅವಳ ತಲೆಗೆ ಕಟ್ಟುತ್ತೀರಿ: "ಗಂಡನನ್ನು ಹಿಡಿದಿಟ್ಟುಕೊಳ್ಳಲು ಬರಲಿಲ್ಲ."

ಹೋದ ತಿಂಗಳು ಸೋದರತ್ತೆ ಒಂದು ಜಾತಕ ತಂದಿದ್ದರು. ಹುಡುಗಿ ಬಿ.ಎಡ್. ಮಾಡಿದವಳಂತೆ. ನಾನು ಅವರ ಮನೆಗೆ ಹೋಗಿ, ಅವಳ ತಾಯಿಯನ್ನು ಅಡುಗೆಮನೆಗೆ ಕರೆದು ಇದ್ದದ್ದನ್ನೆಲ್ಲ ಹೇಳಿ ಬಂದೆ. ಅಂದಿನಿಂದ ಭಾವ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅಕ್ಕ ಮಾತ್ರ ಮೊನ್ನೆ ಹುಡುಗನ ಕೈಯಲ್ಲಿ ಚಪಾತಿ ಕಳಿಸಿದ್ದಳು, ಪಂಚೆಯ ತುಂಡಿನಲ್ಲಿ ಸುತ್ತಿ.