ಹೂವಿನಕೋಲಿಗೊಂದು ಮೈಕು

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ನಾಲ್ಕು ಸಲ ಕ್ಯೂಆರ್ ಕೋಡ್ ಬಂತು. ನಾಲ್ಕರಲ್ಲೂ ಮೂಗಿಗೆ ಪೈಪು ಹಾಕಿಸಿಕೊಂಡು ಮಲಗಿದ ಮಗುವಿನ ಫೋಟೊ, ಕೆಳಗೆ 'ದಯವಿಟ್ಟು ಶೇರ್ ಮಾಡಿ'. ಮೊದಲನೆಯದಕ್ಕೆ ಎಲ್ಲರೂ ಐವತ್ತು, ನೂರು ಹಾಕಿದೆವು. ಎರಡನೆಯದಕ್ಕೆ ಅರ್ಧ ಜನ. ಮೂರನೆಯದು ಬಂದಾಗ ಒಬ್ಬ ಕೇಳಿದ, 'ಮೊದಲ್ನೇ ದುಡ್ಡ್ ಎಂತ ಆಯ್ತ್ ಮಾರಾಯ?' ಉತ್ತರ ಯಾರ ಹತ್ತಿರವೂ ಇರಲಿಲ್ಲ. ನಾಲ್ಕನೆಯದಕ್ಕೆ ಒಂದು ರೂಪಾಯಿಯೂ ಹೋಗಲಿಲ್ಲ. ಆ ನಾಲ್ಕನೆಯ ಮಗು ನಮ್ಮ ಜೂನಿಯರ್ ಒಬ್ಬನ ಪಕ್ಕದ ಮನೆಯದು ಅಂತ ಆಮೇಲೆ ಗೊತ್ತಾಯ್ತು.

ನಮಗೆ ಕರುಣೆ ಕಡಿಮೆಯಾದದ್ದಲ್ಲ, ನಂಬಿಕೆ ಖಾಲಿಯಾದದ್ದು. ಹಾಗಾಗಿ ಈ ಸಲ ನವರಾತ್ರಿಯ ಒಂದು ಸಂಜೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ಕಡೆ ಕೇಳುವ ಹಾಗೆ ಒಂದು ನೇರ ರೇಡಿಯೋ ಪ್ರಸಾರ ಮಾಡಿ ಹಣ ಎತ್ತಬೇಕು ಅಂತ ನಾವು ಹೇಳುತ್ತಿದ್ದೇವೆ. ನಗುವವರು ನಗಿ. ಪೂರ್ತಿ ಓದಿ ನಗಿ.

ನೆದರ್ಲೆಂಡಿನ ತ್ರೀಎಫ್ಎಂ ರೇಡಿಯೋ 2004ರಲ್ಲಿ 'ಸೀರಿಯಸ್ ರಿಕ್ವೆಸ್ಟ್' ಅಂತ ಒಂದು ಕಾರ್ಯಕ್ರಮ ಶುರುಮಾಡಿತು. ಕ್ರಿಸ್ಮಸ್ ಹತ್ತಿರದ ದಿನಗಳಲ್ಲಿ ನಿರೂಪಕರು ಊರ ಚೌಕದ ಗಾಜಿನ ಮನೆಯೊಳಗೆ ಊಟ ಬಿಟ್ಟು ಕೂತು ದಿನವಿಡೀ ಪ್ರಸಾರ ಮಾಡುತ್ತಾರೆ. ಜನ ಚಳಿಯಲ್ಲಿ ಹೊರಗೆ ನಿಂತು ನೋಡುತ್ತಾರೆ, ದುಡ್ಡು ಕೊಟ್ಟು ಹಾಡು ಕೇಳುತ್ತಾರೆ. ಇಲ್ಲಿ ಮುಖ್ಯವಾದದ್ದು ಗಾಜು. ಯಾರು ಕೊಟ್ಟರು, ಎಷ್ಟಾಯ್ತು, ಎಲ್ಲ ಎದುರಿಗೇ.

ಹಾಗಂತ ಇದನ್ನು ಅಲ್ಲಿಂದ ತರಬೇಕಾಗಿಲ್ಲ. ನಮ್ಮಲ್ಲಿ ಹೂವಿನಕೋಲು ಇದೆ. ಗೊತ್ತಿಲ್ಲದವರಿಗೆ: ನವರಾತ್ರಿಯಲ್ಲಿ ಭಾಗವತರು, ಮದ್ದಳೆಯವರು, ಅರ್ಥ ಹೇಳುವ ಇಬ್ಬರು ಮಕ್ಕಳು, ಹೂವು ಕಟ್ಟಿದ ಕೋಲು, ಇಷ್ಟೇ ತಂಡ. ಮನೆಗೆ ಬರುತ್ತಾರೆ, ದೀಪ ಹಚ್ಚಿದ ಚಾವಡಿಯಲ್ಲಿ ಕೂರುತ್ತಾರೆ, ಮನೆಯವರಿಗೆ ಒಳ್ಳೆಯದಾಗಲಿ ಅಂತ ಹರಸುತ್ತಾರೆ, ಪ್ರಸಂಗದ ಒಂದು ತುಣುಕು ಆಡುತ್ತಾರೆ. ಮನೆಯವರು ಅಕ್ಕಿ, ಕಾಯಿ, ಹಣ ಕೊಡುತ್ತಾರೆ. ಹಿಂದೆ ಐಗಳು ತಮ್ಮ ಶಿಷ್ಯರನ್ನು ಕರೆದುಕೊಂಡು ಹೀಗೆ ಹೊರಡುತ್ತಿದ್ದರು, ಬಂದದ್ದು ಅವರ ಜೀವನಕ್ಕೆ. ಅಂದರೆ ಊರಿನ ಶಾಲೆ ನಡೆಯುತ್ತಿದ್ದದ್ದೇ ಹಬ್ಬದ ನೇರ ಪ್ರಸಾರದಿಂದ! ನಡುವೆ ಕಾಣೆಯಾಗುವ ಹಂತಕ್ಕೆ ಹೋಗಿದ್ದ ಇದನ್ನು ತೆಕ್ಕಟ್ಟೆಯ ಯಶಸ್ವೀ ಕಲಾವೃಂದದಂಥ ತಂಡಗಳು ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಮನೆಮನೆಗೆ ಒಯ್ದಿವೆ.

ಹೂವಿನಕೋಲಿನಲ್ಲಿ ನಮಗೆ ಹಿಡಿಸಿದ್ದು ಒಂದು ಸಂಗತಿ. ಅಲ್ಲಿ ಕೇಳುವವನು ಕೈಚಾಚಿ ಕುಗ್ಗಿ ನಿಲ್ಲುವುದಿಲ್ಲ. ಮೊದಲು ಅವನೇ ಕೊಡುತ್ತಾನೆ: ಹರಕೆ, ಪದ, ಅರ್ಥ. ಆಮೇಲೆ ಮನೆಯವರು ಕೊಡುತ್ತಾರೆ. ಕ್ಯೂಆರ್ ಫಾರ್ವರ್ಡಿನಲ್ಲಿ ಮಗುವಿನ ಮೂಗಿನ ಪೈಪು ತೋರಿಸಿದರೇ ದುಡ್ಡು. ಆ ಮಗು ನಾಳೆ ಹುಷಾರಾಗಿ ಹೈಸ್ಕೂಲಿಗೆ ಹೋದಾಗಲೂ ಆ ಫೋಟೊ ಯಾರದೋ ಫೋನಿನಲ್ಲಿ ಇರ್ತದೆ. ರೇಡಿಯೋದಲ್ಲಿ ಫೋಟೊ ಇಲ್ಲ, ಅದೇ ಅದರ ದೊಡ್ಡ ಗುಣ. ಆದರೆ ಧ್ವನಿಯಲ್ಲೂ ಅದೇ ತಪ್ಪು ಮಾಡಬಹುದು. ತಾಯಿಯನ್ನು ಮೈಕಿನ ಮುಂದೆ ಕೂರಿಸಿ ಅಳಿಸಿದರೆ ನಾವು ಆ ಕಾರ್ಯಕ್ರಮಕ್ಕೆ ಬರುವುದಿಲ್ಲ. ಕಾಯಿಲೆ ಏನು, ಖರ್ಚೆಷ್ಟು ಅಂತ ಡಾಕ್ಟರು ಹೇಳಲಿ, ಹೆಸರು ಬೇಡ.

ಈಗ ನಮ್ಮ ಸಿಲೆಬಸ್ಸಿನ ಭಾಗ. ಕುಂದಾಪುರದ ಭಂಡಾರ್‌ಕಾರ್ಸ್ ಕಾಲೇಜಿನಲ್ಲಿ 'ರೇಡಿಯೋ ಕುಂದಾಪ್ರ' ಸಮುದಾಯ ಬಾನುಲಿ ಇದೆ. ದಕ್ಷಿಣಕ್ಕೆ ಮಣಿಪಾಲದಲ್ಲಿ 90.4ರ ರೇಡಿಯೋ ಮಣಿಪಾಲ್ ಇದೆ. ಸಮುದಾಯ ಬಾನುಲಿಗೆ ನಿಯಮದ ಪ್ರಕಾರ ಸಾಮಾನ್ಯವಾಗಿ ಸಿಗುವುದು 100 ವ್ಯಾಟ್ ಇಆರ್‌ಪಿ, 30 ಮೀಟರ್ ಎತ್ತರದ ಆಂಟೆನಾ. ಎಫ್ಎಂ ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೇ ಹೋಗೋದು, ನಡುವೆ ಗುಡ್ಡ ಬಂದರೆ ಅದೂ ಇಲ್ಲ. ಕುಂದಾಪುರದಿಂದ ಬೈಂದೂರು 30 ಕಿಲೋಮೀಟರಿಗೂ ಮೇಲೆ, ಬ್ರಹ್ಮಾವರ 20ರ ಮೇಲೆ. ಒಂದೇ ಟವರಿನಿಂದ ಮೂರು ತಾಲೂಕು ಆಗುವ ಕೆಲಸ ಅಲ್ಲ. ಹಿಂದೆ ಇದಕ್ಕೆ ಉತ್ತರ ಬ್ರಹ್ಮಾವರದಲ್ಲೇ ಇತ್ತು. 1976ರಲ್ಲಿ ಶುರುವಾದ ಆಕಾಶವಾಣಿ ಮಂಗಳೂರಿನ ಮೀಡಿಯಂ ವೇವ್ ಪ್ರಸಾರ ಹೊರಡುತ್ತಿದ್ದದ್ದು ಅಲ್ಲಿನ ಪ್ರೇಷಕದಿಂದ. 1089 ಕಿಲೋಹರ್ಟ್ಸ್ ಅಂದರೆ ತರಂಗದ ಉದ್ದ 275 ಮೀಟರ್, ನೆಲ ಹಿಡಿದು ಹೋಗುವ ಅಲೆ, ಗುಡ್ಡಕ್ಕೆ ಅಷ್ಟು ಬೇಗ ಹೆದರುವುದಿಲ್ಲ. ನಮ್ಮ ಅಜ್ಜಂದಿರು ಮಂಗಳೂರು ಕೇಂದ್ರದ ಯಕ್ಷಗಾನ ಕೇಳಿದ್ದು ಹಾಗೆ.

ನಮ್ಮ ಕೈಲಾಗುವುದು ಬೇರೆ. ಮೂರು ಚಾವಡಿ ಆರಿಸೋಣ, ತಾಲೂಕಿಗೊಂದು. ಹೂವಿನಕೋಲು ಒಂದರಲ್ಲಿ ನಡೆಯಲಿ, ಇಂಟರ್ನೆಟ್ಟಿನಲ್ಲಿ ಧ್ವನಿ ಉಳಿದೆರಡಕ್ಕೆ ಹೋಗಿ ಸ್ಪೀಕರಿನಲ್ಲಿ ಬರಲಿ, ಬಾನುಲಿಯವರು ಒಪ್ಪಿದರೆ ಅದೇ ಹೊತ್ತಿಗೆ ಎಫ್ಎಂನಲ್ಲೂ. ಅರ್ಧ ಗಂಟೆಗೊಮ್ಮೆ ಬಂದ ಮೊತ್ತ ಓದಬೇಕು. ದುಡ್ಡು ವಿದ್ಯಾರ್ಥಿಗಳ ಫೋನಿಗಲ್ಲ, ನೋಂದಾಯಿತ ಸಂಸ್ಥೆಯ ಖಾತೆಗೇ ಬೀಳಬೇಕು. ತಿಂಗಳ ನಂತರ ಅದೇ ಮೈಕಿನಲ್ಲಿ ಖರ್ಚಿನ ಲೆಕ್ಕ ಓದಬೇಕು. ಈ ಕೊನೆಯದಿಲ್ಲದಿದ್ದರೆ ಮೊದಲಿನದ್ಯಾವುದೂ ಬೇಡ.

'ಈಗ ರೇಡಿಯೋ ಯಾರು ಕೇಳ್ತಾರೆ?' ಅಂತ ಹಾಸ್ಟೆಲಿನಲ್ಲಿ ಕೇಳಿದ್ರು. ನಮ್ಮಲ್ಲಿ ಬಹಳ ಫೋನುಗಳಲ್ಲಿ ಎಫ್ಎಂ ಇಲ್ಲ, ಇದ್ದರೂ ಆಂಟೆನಾ ಆಗಲು ವೈರಿನ ಇಯರ್‌ಫೋನ್ ಬೇಕು. ಅದು ಸರಿ. ಆದರೆ 2023ರ ದೀಪಾವಳಿಯ ಹೊತ್ತಿಗೆ ಗಂಗೊಳ್ಳಿ ಬಂದರಿನಲ್ಲಿ ದೋಣಿಗಳು ಸುಟ್ಟುಹೋದ ಸುದ್ದಿಯನ್ನು ನಾವು ನೋಡಿದ್ದು ರೀಲ್ಸಿನಲ್ಲಿ. ಬೆಂಕಿ ನೋಡಿದೆವು, ಮುಂದಿನ ವೀಡಿಯೊಕ್ಕೆ ಹೋದೆವು. ಒಂದು ಕಡೆ ಕೂತು ಎರಡು ಗಂಟೆ ಕೇಳಿದ್ದರೆ ಅಷ್ಟು ಸುಲಭಕ್ಕೆ ಎದ್ದು ಹೋಗ್ತಿರಲಿಲ್ಲ ಅನ್ನಿಸ್ತದೆ.

ಉಡುಪಿ ಕಡೆ ಅಷ್ಟಮಿಗೆ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿದ ರವಿ ಕಟಪಾಡಿಯವರನ್ನು ಜನ ನಂಬಿದ್ದೂ ಅವರು ಎದುರಿಗೆ ಬಂದದ್ದರಿಂದಲೇ.

ನವರಾತ್ರಿ ರಜೆಯಲ್ಲಿ ಊರಿಗೆ ಹೋಗುವವರು ಮೂರೂ ತಾಲೂಕಿನಲ್ಲಿ ಇದ್ದೀರಿ. ಚಾವಡಿ ಕೊಡುವ ಮನೆ ಗೊತ್ತಿದ್ದರೆ ಕ್ಲಬ್ಬಿಗೆ ತಿಳಿಸಿ. ಅಜ್ಜನ ಹಳೇ ರೇಡಿಯೋ ಅಟ್ಟದ ಮೇಲಿದ್ದರೆ ಅದನ್ನೂ ತನ್ನಿ, ರಿಪೇರಿ ನಾವು ಮಾಡ್ತೇವೆ.