ಕಪಾಟಿನೊಳಗಿನ ಇನ್ನೊಂದು ಪಾಸ್‌ಪೋರ್ಟ್

ಜೂನ್ ಮುಗಿಯುತ್ತಿದ್ದಂತೆ ಸೀಫ್‌ನ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ನಮ್ಮ ಕುಟುಂಬಗಳ ನಡುವೆ ಒಂದು ಪಟ್ಟಿ ಸುತ್ತತೊಡಗುತ್ತದೆ. ಶಾಲೆಗೆ ಬೇಸಿಗೆ ರಜೆ. ಮಕ್ಕಳು ಊರಿನ ವಿಮಾನ ಹತ್ತಬೇಕು, ಮನೆಗೆ ಬೀಗ ಬೀಳಬೇಕು. ಒಡವೆಗಳನ್ನು ಬ್ಯಾಂಕಿನಲ್ಲಿಡಿ, ಗ್ಯಾಸ್ ಮುಚ್ಚಿ, ಪ್ರಯಾಣದ ಚಿತ್ರಗಳನ್ನು ಮರಳಿದ ಮೇಲೆಯೇ ಫೇಸ್‌ಬುಕ್ಕಿಗೆ ಹಾಕಿ. ಇವುಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಪಟ್ಟಿಯ ಕೆಳಭಾಗದಲ್ಲಿ: ವಾಚ್‌ಮನ್‌ಗೆ ಹೊರಡುವ ದಿನ ತಿಳಿಯಬಾರದು, ಮನೆಗೆಲಸದಾಕೆಯಿಂದ ಕೀಲಿ ವಾಪಸು ಪಡೆಯಬೇಕು, ಮಕ್ಕಳು ಅಪರಿಚಿತರೊಡನೆ ಮಾತಾಡಕೂಡದು.

ನಮ್ಮ ಭಯ ಯಾವಾಗಲೂ ಕೆಳಮುಖವಾಗಿಯೇ ಹರಿಯುತ್ತದೆ. ಸಂಬಳ ಯಾರಿಗೆ ಕಡಿಮೆಯೋ ಅನುಮಾನ ಅವರ ಮೇಲೆ. ಮಕ್ಕಳ ವಿಷಯದಲ್ಲಂತೂ ಈ ಅಂದಾಜು ಅಪಾಯಕಾರಿಯಾಗಿ ತಪ್ಪು. ಭಾರತದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಪ್ರಕರಣಗಳ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಹೇಳುತ್ತಿದೆ. 2012ರ ಪೋಕ್ಸೊ ಕಾಯ್ದೆ, ಮಗುವಿನ ಸಂಬಂಧಿಕನೇ ಎಸಗಿದ ಲೈಂಗಿಕ ದೌರ್ಜನ್ಯವನ್ನು ಇನ್ನಷ್ಟು ಘೋರವಾದ ಅಪರಾಧವೆಂದು ಪರಿಗಣಿಸುತ್ತದೆ. ಶಾಸನಕ್ಕೆ ಗೊತ್ತಿರುವುದು ನಮಗೆ ಗೊತ್ತಿಲ್ಲವೇ? ಗೊತ್ತಿದೆ. ಆದರೂ ಹನ್ನೆರಡರ ಹುಡುಗಿಗೆ ಟ್ಯಾಕ್ಸಿ ಚಾಲಕನ ಬಗ್ಗೆ ಎಚ್ಚರ ಹೇಳಿ, ಎಂಟು ವಾರ ಕಳೆಯಲಿರುವ ಬಂಧುಗಳ ಮನೆಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ‘ಯಾರೇ ಆಗಲಿ, ಮಾವನೇ ಆಗಲಿ, ಮೈಮುಟ್ಟಿದ್ದು ಸರಿಯೆನಿಸದಿದ್ದರೆ ನಮಗೆ ಹೇಳು, 1098ಕ್ಕೆ ಕರೆ ಮಾಡು’ ಎನ್ನುವ ಸಾಲು ನಾನು ನೋಡಿದ ಯಾವ ಪಟ್ಟಿಯಲ್ಲೂ ಇಲ್ಲ. ನೆಂಟರು ನೊಂದುಕೊಳ್ಳುತ್ತಾರಲ್ಲ!

ಇನ್ನು ಪಾಸ್‌ಪೋರ್ಟ್. ಅದನ್ನು ಯಾರ ಕೈಗೂ ಕೊಡಬೇಡ, ಪ್ರತಿಯೊಂದನ್ನು ಫೋನಿನಲ್ಲಿಟ್ಟುಕೋ, ಹಾಸ್ಟೆಲಿನವರು ಕೇಳಿದರೂ ಮೂಲ ಬಿಡಬೇಡ ಎಂದು ಕಾಲೇಜಿಗೆ ಹೊರಟ ಮಗನಿಗೆ ಹತ್ತು ಬಾರಿ ಹೇಳುತ್ತೇವೆ. ಸರಿಯಾದ ಮಾತು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ, ಮಕ್ಕಳ ಜನನ ಪ್ರಮಾಣಪತ್ರಗಳ ಕೆಳಗೆ, ಇನ್ನೊಂದು ಪಾಸ್‌ಪೋರ್ಟ್ ಇರುತ್ತದೆ. ಅದು ಅಡುಗೆಮನೆಯಲ್ಲಿ ದುಡಿಯುವಾಕೆಯದು. ರಜೆಗೆ ಹೊರಟಾಗ ಅವಳನ್ನು ಪರಿಚಿತರ ಮನೆಗೆ ಸಾಮಾನಿನಂತೆ ಒಪ್ಪಿಸಿ, ಅವಳ ಪಾಸ್‌ಪೋರ್ಟನ್ನು ಒಳಗಿಟ್ಟು ಬೀಗ ಹಾಕುತ್ತೇವೆ. ಆ ಎಂಟು ವಾರಗಳಲ್ಲಿ ಅವಳ ತಾಯಿ ತೀರಿಕೊಂಡರೆ?

‘ಅವಳೇ ಜೋಪಾನಕ್ಕೆಂದು ಕೊಟ್ಟದ್ದು’ ಎನ್ನುತ್ತಾರೆ. ಹಾಗಿದ್ದರೆ ನಿಮ್ಮದನ್ನೂ ನಿಮ್ಮ ಕಂಪನಿಯ ಮಾಲೀಕನಿಗೆ ಜೋಪಾನಕ್ಕೆ ಕೊಡಿ. ‘ವೀಸಾಕ್ಕೆ ಅಷ್ಟು ದುಡ್ಡು ಸುರಿದಿದ್ದೇವೆ, ಓಡಿಹೋದರೆ?’ ಎನ್ನುವವರು ಕನಿಷ್ಠಪಕ್ಷ ಪ್ರಾಮಾಣಿಕರು. ಅವರು ಇಟ್ಟುಕೊಂಡದ್ದು ಒತ್ತೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಅದನ್ನು ಹೊಂದಿದವರ ಸೊತ್ತೂ ಅಲ್ಲ, ಕೇಂದ್ರ ಸರ್ಕಾರದ್ದು. ಸ್ವಂತದ್ದೇ ನಮ್ಮ ಸೊತ್ತಲ್ಲದಿರುವಾಗ ಪರರದ್ದನ್ನು ಅಡವಿಡಿಸಿಕೊಳ್ಳಲು ನಾವು ಯಾರು?

ಬಹರೈನಿನ 2012ರ ಕಾರ್ಮಿಕ ಕಾಯ್ದೆ ಮನೆಗೆಲಸದವರಿಗೆ ವಾರ್ಷಿಕ ರಜೆಯಂಥ ಕೆಲವು ಹಕ್ಕುಗಳನ್ನು ಕೊಟ್ಟಿತು. ದುಡಿಮೆಯ ಗಂಟೆಗಳ ಮಿತಿ, ವಾರದ ರಜೆ ಮಾತ್ರ ಅವರವರೆಗೆ ತಲುಪಲಿಲ್ಲ. ಕಾನೂನು ನಿಂತ ಜಾಗದಿಂದ ಮುಂದಿನದು ಯಜಮಾನನ ಮರ್ಜಿ, ಅಂದರೆ ನಮ್ಮ ಮರ್ಜಿ. ಬೆಂಗಳೂರಿನ ವೇದಿಕೆಗಳಲ್ಲಿ ಬಸವಣ್ಣನ ಕಾಯಕದ ಬಗ್ಗೆ ಭಾಷಣ ಮಾಡುವವರೂ ಈ ನಮ್ಮೊಳಗಿದ್ದಾರೆ ಎಂಬುದನ್ನು ಹೇಳದೆ ಬಿಡಲಾರೆ.

ಈ ವರ್ಷ ಪಟ್ಟಿ ನನ್ನ ಫೋನಿಗೆ ಬಂದಾಗ ಎರಡು ಸಾಲು ಸೇರಿಸಿ ಗುಂಪಿಗೆ ಮರಳಿಸಿದೆ: ಹೊರಡುವ ಮುನ್ನ ಅವಳ ಪಾಸ್‌ಪೋರ್ಟ್ ಅವಳ ಕೈಗೆ ಕೊಡಿ, ಎರಡು ತಿಂಗಳ ಸಂಬಳ ಮುಂಗಡ ಕೊಡಿ. ಎರಡು ದಿನ ಯಾರೂ ಏನೂ ಬರೆಯಲಿಲ್ಲ. ಮೂರನೆಯ ದಿನ ಒಬ್ಬರು, ಮಂಗಳೂರಿನ ವಿಮಾನದಲ್ಲಿ ಈಗ ಎಷ್ಟು ಕಿಲೋ ಬಿಡುತ್ತಾರೆ ಎಂದು ಕೇಳಿದರು.